ಗುಲಗಂಜಿ ತೂಕದ ಮಳೆ

ಕಾಶಿಗಿಂತ ತಿರುಮಕೂಡಲು ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಮ್ಮ ಕಡೆ ಹೇಳುತ್ತಾರೆ. ಅಲ್ಲಿನ ನರಸಿಂಹಸ್ವಾಮಿಗೆ ಗುಂಜಾ ನರಸಿಂಹ ಎಂಬ ಹೆಸರು ಬಂದದ್ದೂ ಆ ಗುಲಗಂಜಿಯಿಂದಲೇ. ನಂಜನಗೂಡಿನವರಾದ ನಾವು ಇದನ್ನು ಸುಲಭವಾಗಿ ಒಪ್ಪುವವರಲ್ಲ. ನಮ್ಮೂರೇ ದಕ್ಷಿಣಕಾಶಿ ಎಂಬ ಬಿಗುಮಾನ ನಮ್ಮದು. ಆದರೆ ನೀರಿನ ಲೆಕ್ಕಕ್ಕೆ ಬಂದರೆ ಸೋಲಲೇಬೇಕು. ನಮ್ಮೂರಿನಲ್ಲಿ ಹರಿಯುವವಳು ಕಪಿಲೆ. ವಯನಾಡಿನ ಕಡೆಯಿಂದ ಇಳಿದು ಬಂದು, ನಂಜುಂಡೇಶ್ವರನ ಪಾದದ ಬಳಿ ಹಾದು, ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಸಂಗಮ. 1989ರಿಂದ ಅಲ್ಲಿ ಕುಂಭಮೇಳವೂ ನಡೆಯುತ್ತಿದೆ.

ಹೀಗೆ ಮೂರು ನೀರು ಕೂಡುವ ಸೀಮೆಯ ಒಂದು ಕಾಲೇಜಿನಲ್ಲಿ ನಾನು 1991ರಿಂದ ಇಪ್ಪತ್ತೆಂಟು ವರ್ಷ ಚರಿತ್ರೆ ಪಾಠ ಹೇಳಿದೆ. ಆ ಕಾಲೇಜಿನಲ್ಲಿ ಕೈ ತೊಳೆಯಲು ನೀರಿರಲಿಲ್ಲ.

ನಗಬೇಡಿ. ಊರಿನ ಒಳ್ಳೆಯ ನೆಲವನ್ನು ಯಾರೂ ಕಾಲೇಜಿಗೆ ಕೊಡುವುದಿಲ್ಲ. ಕೊಡುವುದು ದಿಣ್ಣೆಯನ್ನು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಬಾರದು, ನಿಜ. ಆದರೂ ದಿನಾ ಬೆಳಿಗ್ಗೆ ಕೆಂಪು ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಹೊಟ್ಟೆ ಉರಿಯುತ್ತಿತ್ತು. ದಾರಿಯುದ್ದಕ್ಕೂ ನಾಲೆ, ಭತ್ತದ ಗದ್ದೆ, ಕಬ್ಬು, ಬಾಳೆ. ಬಸ್ಸು ಏರು ಹತ್ತತೊಡಗಿದ ಕೂಡಲೇ ಯಾರೋ ಗೆರೆ ಎಳೆದ ಹಾಗೆ ಹಸಿರು ನಿಂತುಹೋಗುತ್ತಿತ್ತು. ಆ ಗೆರೆಯನ್ನು ಎಳೆದದ್ದು ನಾಲೆಯೇ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ನಾಲೆಗಿಂತ ತಗ್ಗಿನಲ್ಲಿದ್ದ ನೆಲ ಅಚ್ಚುಕಟ್ಟಾಯಿತು, ಮೇಲಿದ್ದದ್ದು ಹಾಗೇ ಉಳಿಯಿತು. ನೀರಿಗೆ ಇಳಿಯುವುದು ಗೊತ್ತು, ಹತ್ತುವುದು ಗೊತ್ತಿಲ್ಲ. ನಮ್ಮ ಕಾಲೇಜು ಇದ್ದದ್ದು ಆ ಗೆರೆಯ ಮೇಲೆ, ಕೆಂಪು ಮಣ್ಣಿನ ಬೋಳು ದಿಣ್ಣೆಯ ನೆತ್ತಿಯಲ್ಲಿ.

ಬೋಳನ್ನು ಹಸಿರು ಮಾಡುವ ಉತ್ಸಾಹ ನಮಗೆ ಪ್ರತಿ ವರ್ಷ ಜುಲೈ ತಿಂಗಳಲ್ಲಿ ತಪ್ಪದೆ ಬರುತ್ತಿತ್ತು. 1950ರಲ್ಲಿ ಕೇಂದ್ರದ ಮಂತ್ರಿಗಳಾಗಿದ್ದ ಕೆ.ಎಂ. ಮುನ್ಷಿಯವರು ಶುರುಮಾಡಿದ ವನಮಹೋತ್ಸವ ಜುಲೈ ಮೊದಲ ವಾರಕ್ಕೆ ಗೊತ್ತಾಗಿದೆಯಲ್ಲ! ಅರಣ್ಯ ಇಲಾಖೆಯಿಂದ ಸಸಿ ಬರುತ್ತಿದ್ದವು. ಅತಿಥಿಗಳು ಬಂದು ಬೆಳ್ಳಿಯಂತೆ ತೊಳೆದ ತಂಬಿಗೆಯಿಂದ ನೀರೆರೆದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಸಸಿಗಳು ಕಡ್ಡಿಯಾಗುತ್ತಿದ್ದವು. ಮುಂದಿನ ಜುಲೈಗೆ ಮತ್ತೆ ಅದೇ ಗುಂಡಿ, ಬೇರೆ ಸಸಿ, ಬೇರೆ ಅತಿಥಿ.

ನಮ್ಮಲ್ಲಿ ಒಬ್ಬ ಆಯಮ್ಮ ಇದ್ದಳು. ಕಸ ಗುಡಿಸುವುದು, ಗಂಟೆ ಬಾರಿಸುವುದು, ದೂರದ ಕೈಪಂಪಿನಿಂದ ಬಿಂದಿಗೆಯಲ್ಲಿ ನೀರು ತಂದು ಸ್ಟಾಫ್ ರೂಮಿನ ಗುಡಾಣ ತುಂಬುವುದು ಅವಳ ಕೆಲಸ. ಸಸಿಗಳಿಗೂ ಒಂದೊಂದು ಚೊಂಬು ಅವಳೇ ಹಾಕಬೇಕು. ಒಂದು ವರ್ಷ ಅತಿಥಿಗಳು ಹೋದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಏನ್ ಮೇಡಮ್ಮೋರೆ, ಈ ಸಲಾನೂ ಹೋದ್ಸಲದ ಗುಂಡಿಗೇ ಇಕ್ಕುದ್ರಾ?"

ನಾನು ನಕ್ಕೆ. ಅವಳು ನಗಲಿಲ್ಲ. "ಗಿಡ ಇಕ್ಕಾದು ಭರಣಿ ಮಳೇಲಿ ಕನವ್ವ. ಆಗ ನೀವೆಲ್ಲ ರಜಾ ಅಂತ ಊರಿಗೋಯ್ತೀರಿ. ಗಿಡಕ್ಕೇನ್ ಗೊತ್ತು ನಿಮ್ ರಜಾ?" ಎಂದಳು.

ಆ ಮಾತು ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ. ನಾವು ಮೈಸೂರು ಜಿಲ್ಲೆಯ ಮೂಡಣ ಭಾಗದವರು. ಮಲೆನಾಡಿನ ಹಾಗೆ ಆಷಾಢ ಶ್ರಾವಣದಲ್ಲಿ ಜಡಿ ಹಿಡಿದು ಸುರಿಯುವ ಮಳೆ ನಮ್ಮದಲ್ಲ. ನಮ್ಮದು ಏಪ್ರಿಲ್ ಮೇ ತಿಂಗಳಲ್ಲಿ ಗುಡುಗಿ ಬೀಳುವ ಭರಣಿ, ಕೃತ್ತಿಕೆ. ಆಮೇಲೆ ಸೆಪ್ಟೆಂಬರ್ ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆ. ನಡುವಿನ ಜುಲೈ ಬರೀ ಗಾಳಿ, ಮೋಡ, ಸೋನೆ. ದೇಶಕ್ಕೆಲ್ಲ ಒಂದೇ ಎಂದು ಮಾಡಿದ ಪಂಚಾಂಗ ನಮ್ಮ ದಿಣ್ಣೆಗೆ ಹೊಂದುತ್ತಿರಲಿಲ್ಲ. ಅದು ಗೊತ್ತಿದ್ದವಳು ಆಯಮ್ಮ. ಡಿಗ್ರಿ ಇದ್ದದ್ದು ನಮಗೆ.

ಗಿಡ ಒಣಗಿದರೆ ಕಣ್ಣಿಗೆ ಕಾಣುತ್ತದೆ. ಕಾಣದೆ ಒಣಗುವ ಸಂಗತಿ ಇನ್ನೊಂದಿತ್ತು. ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲವೆಂದು ವರ್ಷದ ಹೆಚ್ಚು ದಿನ ಬೀಗ. ಹಳ್ಳಿಗಳಿಂದ ಬೆಳಿಗ್ಗೆ ಏಳಕ್ಕೇ ಬಸ್ಸು ಹತ್ತುವ ಹುಡುಗಿಯರು ಸಂಜೆ ಮನೆ ಸೇರುವವರೆಗೂ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಮುಂದಿನ ತೊಂದರೆ ಯಾರಿಗೆ ಹೇಳುವುದು? ಮಧ್ಯಾಹ್ನದ ತರಗತಿಯಲ್ಲಿ ತಲೆನೋವೆಂದು ಡೆಸ್ಕಿನ ಮೇಲೆ ತಲೆಯಿಡುವವರು, ತಿಂಗಳಿಗೆ ನಾಲ್ಕು ದಿನ ಬಾರದೇ ಇರುವವರು, ಕೊನೆಗೆ ಬರುವುದನ್ನೇ ಬಿಟ್ಟವರು. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಾರಣ ಬರೆಯುವ ಜಾಗವಿರಲಿಲ್ಲ. ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಓದುತ್ತಿರುವವರು ಹೆಂಗಸರು.

ಹೊಸ ಶತಮಾನ ಹುಟ್ಟಿದ್ದೇ ತಡ, ಬರ ಬಂತು. 2001ರಿಂದ ಮೂರು ವರ್ಷ ನಾಡಿನ ಬಹುಭಾಗ ಬೆಂದಿತು. ಕಾಲೇಜಿನ ಕೊಳವೆಬಾವಿ ಬರೀ ಗಾಳಿ ಉಗುಳತೊಡಗಿತು. ಟ್ಯಾಂಕರ್ ತರಿಸಲು ದುಡ್ಡಿಲ್ಲ. ಇನ್ನೊಂದು ಬಾವಿ ಕೊರೆಸೋಣ ಎಂದರು. ಕೊರೆಸಿದರು, ಧೂಳು ಬಂತು.

ಆ ಬೇಸಿಗೆಯಲ್ಲಿ ನನಗೆ ಪದೇ ಪದೇ ನೆನಪಾದವಳು ನನ್ನ ಅಜ್ಜಿ. ನಂಜನಗೂಡಿನ ನಮ್ಮ ಹಳೆಯ ಮನೆ ತೊಟ್ಟಿ ಮನೆ. ನಾಲ್ಕು ಕಡೆಯ ನಾಡಹೆಂಚಿನ ಸೂರಿನ ನೀರು ನಡುವಿನ ತೊಟ್ಟಿಗೆ ಬೀಳುತ್ತಿತ್ತು. ಹೊಳೆ ಹತ್ತಿರದಲ್ಲೇ ಇದ್ದರೂ ಕಪಿಲೆಯಲ್ಲಿ ಹೊಸ ನೀರು ಬಂದಾಗ ಅದು ಕೆಂಪಗೆ, ಗೋಡೆಗೆ ಬಳಿಯುವ ಹಾಗಿರುತ್ತಿತ್ತು. ಚಿಲ್ಲದ ಬೀಜ ತೇಯ್ದು ಹಾಕಿ ತಿಳಿಯಾಗಲು ಕಾಯಬೇಕು. ಆ ದಿನಗಳಿಗೆಂದು ಅಜ್ಜಿ ಮಳೆ ನೀರು ಹಿಡಿಯುತ್ತಿದ್ದಳು. ಸೂರಿಗೆ ಕಟ್ಟಿದ ತಗಡಿನ ದೋಣಿಯ ಬಾಯಿಗೆ ಹಂಡೆ, ಹಂಡೆಯ ಬಾಯಿಗೆ ಹಳೆಯ ಪಂಚೆ.

ಅವಳದೊಂದು ಕಟ್ಟಳೆಯಿತ್ತು. ದೊಡ್ಡ ಜಾತ್ರೆಯಾದ ಮೇಲೆ ಬೀಳುವ ಮೊದಲ ಮಳೆ ಸೂರು ತೊಳೆಯುವುದಕ್ಕೆ, ಎರಡನೆಯದು ಪಾತ್ರೆ ತೊಳೆಯುವುದಕ್ಕೆ, ಮೂರನೆಯದು ಬಾಯಿಗೆ. ಮೊದಲ ಮಳೆಗೆ ಮುಂಚೆಯೇ ಆಳನ್ನು ಹತ್ತಿಸಿ ಹೆಂಚಿನ ಮೇಲಿನ ಎಲೆ, ಹಕ್ಕಿಯ ಗಲೀಜು ತೆಗೆಸುತ್ತಿದ್ದಳು. ಆ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಸೀಗೇಕಾಯಿ ಚಿಟಿಕೆಯಷ್ಟು ಹಾಕಿದರೂ ನೊರೆ. ಬಾವಿ ನೀರಿನ ಗಡಸು ಅದಕ್ಕಿಲ್ಲ ಎಂಬುದು ಈಗ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಡಬೇಕು ಎಂಬುದನ್ನು ಇಂದಿನ ಎಂಜಿನಿಯರುಗಳೂ ಹೇಳುತ್ತಾರೆ. ಬೆಂಗಳೂರಿನಲ್ಲಿ 1995ರಲ್ಲೇ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ಮನೆ ಕಟ್ಟಿಕೊಂಡು, ನಲ್ಲಿಯ ಸಂಪರ್ಕವನ್ನೇ ಪಡೆಯದೆ ಮಳೆ ನೀರಿನಲ್ಲಿ ಸಂಸಾರ ನಡೆಸಿ ತೋರಿಸಿದರು. ಆ ಸುದ್ದಿ ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ಅಜ್ಜಿಯ ಹಂಡೆ, ಪಂಚೆ.

ಚರಿತ್ರೆಯ ಮೇಷ್ಟರಿಗೆ ಒಂದು ಚಾಳಿ. ಏನೇ ತೊಂದರೆ ಬರಲಿ, ಹಿಂದಿನವರು ಏನು ಮಾಡಿದರು ಎಂದು ತಿರುಗಿ ನೋಡುವುದು. ಹಾಗೆ ನೋಡಿದರೆ ನಮ್ಮ ಮೈಸೂರು ಅರಸರ ಕಥೆ ಶುರುವಾಗುವುದೇ ಒಂದು ಕೆರೆಯ ದಂಡೆಯಲ್ಲಿ. 1399ರಲ್ಲಿ ಯದುರಾಯ ಮತ್ತು ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಮೈಸೂರಿಗೆ ಬಂದು ಕೋಡಿಭೈರವನ ಗುಡಿಯ ಬಳಿ ತಂಗಿದ್ದಾಗ, ಕೆರೆಗೆ ಬಂದ ಹೆಂಗಸರು ಹದಿನಾಡಿನ ರಾಜಕುಮಾರಿಗೆ ಒದಗಿದ ಸಂಕಟವನ್ನು ಮಾತಾಡಿಕೊಳ್ಳುವುದು ಅವರ ಕಿವಿಗೆ ಬಿತ್ತು ಎಂದು ಐತಿಹ್ಯ. ಆ ಹದಿನಾಡು ನಮ್ಮ ನಂಜನಗೂಡು ತಾಲ್ಲೂಕಿನ ಹದಿನಾರು. ಅಂದರೆ ಐನೂರು ವರ್ಷದ ರಾಜ್ಯಕ್ಕೆ ಬೀಜ ಬಿದ್ದದ್ದು ನೀರಿಗೆ ಬಂದ ಹೆಂಗಸರ ಮಾತಿನಿಂದ! ಮೈಸೂರಿನ ದೊಡ್ಡಕೆರೆ ಈಗ ಮೈದಾನ. ದಸರಾ ವಸ್ತುಪ್ರದರ್ಶನಕ್ಕೆ ಹೋಗಿ ಹಪ್ಪಳ ತಿನ್ನುವ ನಾವು ನಿಂತಿರುವುದು ಕೆರೆಯ ಅಂಗಳದಲ್ಲಿ. ಹೆಸರಿನಲ್ಲಿ ಕೆರೆ ಉಳಿದಿದೆ, ನೀರಿಲ್ಲ.

ಶಾಸನಗಳನ್ನು ನೋಡಿ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ, ತಾಯಿ ಮಗುವಿಗೆ ಹಾಲೂಡುತ್ತಾ, ಕೆರೆ ಕಟ್ಟಿಸಬೇಕು, ಬಾವಿ ತೋಡಿಸಬೇಕು, ದಿಕ್ಕಿಲ್ಲದವರನ್ನು ಸೆರೆಯಿಂದ ಬಿಡಿಸಬೇಕು ಎಂದು ಕಿವಿಯಲ್ಲಿ ಹೇಳಿದಳಂತೆ. ಎಷ್ಟು ಚಂದ! ಆದರೆ ಜನಪದರ 'ಕೆರೆಗೆ ಹಾರ'ದಲ್ಲಿ ಕೆರೆಯಲ್ಲಿ ನೀರು ನಿಲ್ಲಲಿಲ್ಲವೆಂದು ಬಲಿ ಹೋದವಳು ಕಿರಿಯ ಸೊಸೆ ಭಾಗೀರಥಿ. ಅದೂ ನಮ್ಮದೇ ಕಥೆ. ನಮ್ಮ ತಾಲ್ಲೂಕಿನ ನೆರೆಯ ತಲಕಾಡಿಗೆ ಬನ್ನಿ. ಅಲ್ಲಿ 14ನೇ ಶತಮಾನದಲ್ಲಿ ಮಾಧವಮಂತ್ರಿ ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆ ಇದೆ. ಅದರಿಂದ ಗದ್ದೆಗಳು ಹಸಿರಾದವು. ಅದೇ ಕಟ್ಟೆಯಿಂದ ಹೊಳೆಯ ಹರಿವು ಬದಲಾಗಿ, ಒಣಗಿದ ಮರಳು ಗಾಳಿಗೆ ಹಾರಿ ಗುಡಿಗಳನ್ನು ಮುಚ್ಚಿತು ಎಂದು ಸಂಶೋಧಕರು ಕೆಲವರು ಹೇಳುತ್ತಾರೆ. ಜನ ಹೇಳುವುದು ಬೇರೆ. ಅವರ ಪ್ರಕಾರ ಅದು ಅಲಮೇಲಮ್ಮನ ಶಾಪ. ನೀರಿನ ದಾರಿ ತಿರುಗಿಸಿದವರು ಗಂಡಸರು, ಶಾಪದ ಹೊರೆ ಹೆಂಗಸಿನ ತಲೆಗೆ. ಇರಲಿ.

ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯಿತು. ಆದರೆ ಶಾಸನಗಳನ್ನು ಎಚ್ಚರದಿಂದ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೆರೆ ಕಟ್ಟಿಸಿ ಸುಮ್ಮನಾದವರು ಕಡಿಮೆ. ಅದರ ಪಾಲನೆಗೆಂದೇ ಬಿತ್ತುವಟ್ಟ, ಕಟ್ಟುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ಹೂಳು ಹೊರುವ ಬಂಡಿಗೆ ದತ್ತಿ ಇರುತ್ತಿತ್ತು. ಹಳ್ಳಿಯ ಆಯಗಾರರಲ್ಲಿ ನೀರುಗಂಟಿ ಒಬ್ಬ. ತೂಬು ಎತ್ತುವುದು, ಕಾಲುವೆ ಸರಿಪಡಿಸುವುದು, ಗದ್ದೆಗದ್ದೆಗೂ ನೀರು ಹಂಚುವುದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೊಂದು ಪಾಲು. ಕೆರೆಗೆ ಅರಸನ ಹೆಸರು, ಕೆರೆಯ ಜೀವ ನೀರುಗಂಟಿಯ ಕೈಯಲ್ಲಿ.

ಇದಕ್ಕೆ ಕಾಲೇಜಿನ ಅಂಗಳದಲ್ಲೇ ಒಂದು ಉದಾಹರಣೆ ಬೇಕೆಂದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಇದೆ. ನಾನು ಎಂ.ಎ. ಓದಿದ್ದು ಮಾನಸಗಂಗೋತ್ರಿಯಲ್ಲಿ. ಸಂಜೆ ಗೆಳತಿಯರ ಜೊತೆ ಆ ಕೆರೆಯ ಏರಿಯ ಮೇಲೆ ನಡೆಯದ ದಿನವಿಲ್ಲ. ಕೆರೆ ಕಟ್ಟಿಸಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು, ಊರ ಹೊರಗಿನ ಗದ್ದೆಗಳಿಗೆಂದು. ಅದಕ್ಕೂ ಮುಂಚೆ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ನಾಲೆ ತೋಡಿಸಿದ್ದರು. ಕಾವೇರಿ ಆ ದಾರಿಯಲ್ಲಿ ಬರಲಿಲ್ಲ. ಆದರೆ ತೋಡಿದ ನಾಲೆ ವ್ಯರ್ಥವಾಗಲಿಲ್ಲ. ಸುತ್ತಲಿನ ಏರುನೆಲದ ಮಳೆ ನೀರು ಅದರಲ್ಲಿ ಹರಿದು ಬಂದು ಕುಕ್ಕರಹಳ್ಳಿಯನ್ನು ತುಂಬಿಸುತ್ತಿತ್ತು. ಹೊಳೆಗೆಂದು ಮಾಡಿದ ದಾರಿ ಮಳೆಗೆ ಆಯಿತು.

ಕುವೆಂಪು ಅವರು ಆ ಏರಿಯ ಮೇಲೆ ವರ್ಷಗಟ್ಟಲೆ ನಡೆದವರು. ಅವರು ಕುಲಪತಿಗಳಾಗಿದ್ದಾಗ, 1960ರಲ್ಲಿ, ವಿಶ್ವವಿದ್ಯಾನಿಲಯದ ಹೊಸ ಆವರಣ ಆ ಕೆರೆಯ ಮಗ್ಗುಲಿಗೇ ಬಂತು. ಮಾನಸಗಂಗೋತ್ರಿ ಎಂಬ ಹೆಸರು ಅವರದೇ. ಆವರಣದ ಮರಗಳ ನೆರಳಿನಲ್ಲಿ ಓದಿದ ನಮಗೆ ಅದರ ಬೇರಿನಲ್ಲಿ ಕೆರೆಯ ತಂಪಿದೆ ಎಂದು ಯಾರೂ ಹೇಳಿಕೊಡಲಿಲ್ಲ. ಹೆಜ್ಜಾರ್ಲೆ, ನೀರುಕಾಗೆಗಳನ್ನು ನೋಡುತ್ತಾ ಕಡಲೆಕಾಯಿ ತಿಂದೆವು, ಅಷ್ಟೆ.

ಮುಂದೆ ಊರು ಬೆಳೆಯಿತು. ನಾಲೆಯ ದಾರಿಯಲ್ಲಿ ಬಡಾವಣೆಗಳು ಎದ್ದವು. ಅಲ್ಲಲ್ಲಿ ಹೂಳು ತುಂಬಿತು, ಅಲ್ಲಲ್ಲಿ ಒತ್ತುವರಿಯಾಯಿತು. ಮಳೆ ನೀರು ಬರುವ ದಾರಿ ಕಟ್ಟಿತು, ಚರಂಡಿ ನೀರು ಬರುವ ದಾರಿ ತೆರೆಯಿತು. ಕೆರೆಯನ್ನು ಯಾರೂ ಮುಚ್ಚಲಿಲ್ಲ. ಏರಿ ಹಾಗೇ ಇತ್ತು, ನಡೆಯುವವರೂ ಇದ್ದರು. ಆದರೂ ಕೆರೆಗೆ ಕಾಯಿಲೆ. ಅದನ್ನು ಉಳಿಸಲು ಮೈಸೂರಿನವರು ಎಷ್ಟೋ ವರ್ಷ ದನಿಯೆತ್ತಬೇಕಾಯಿತು. ಈ ಪಾಠವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ: ಕೆರೆ ಸಾಯುವುದು ಅಂಗಳದಲ್ಲಲ್ಲ, ದಾರಿಯಲ್ಲಿ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಮತ್ತೆ ನಮ್ಮ ದಿಣ್ಣೆಗೆ ಬರೋಣ. 2004ರಲ್ಲಿ ಒಂದು ದಿನ ನಾನು ಕಪ್ಪು ಹಲಗೆಯ ಮೇಲೆ ಚರಿತ್ರೆಯ ಬದಲು ಲೆಕ್ಕ ಬರೆದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಗುಲಗಂಜಿಯ ಲೆಕ್ಕ! ನಮ್ಮ ಸೀಮೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ. ಕಾಲೇಜಿನ ತಾರಸಿ ಸುಮಾರು 600 ಚದರ ಮೀಟರು. ಗುಣಿಸಿದರೆ 4,20,000 ಲೀಟರು. ಆವಿಯಾಗಿ, ಚೆಲ್ಲಿ, ಮೊದಲ ಮಳೆಯೆಂದು ಬಿಟ್ಟು ಐದರಲ್ಲೊಂದು ಪಾಲು ಹೋದರೂ 3,36,000. 5,000 ಲೀಟರಿನ ಟ್ಯಾಂಕರಿನಲ್ಲಿ ಅಳೆದರೆ 67 ಟ್ಯಾಂಕರ್. ತರಗತಿ ನಿಶ್ಶಬ್ದವಾಯಿತು. "ಇಷ್ಟೂ ನೀರು ಎಲ್ಲಿಗೆ ಹೋಗ್ತಿತ್ತು ಮೇಡಂ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಕಿಟಕಿಯಾಚೆ ದಿಣ್ಣೆಯ ಇಳಿಜಾರಿನಲ್ಲಿ ಮಳೆ ಕೊರೆದ ಕೆಂಪು ಕೊರಕಲುಗಳು ಕಾಣುತ್ತಿದ್ದವು. ಕೈ ಮಾಡಿ ತೋರಿಸಿದೆ.

ನಿಮ್ಮ ಮನೆಗೂ ಇದೇ ಲೆಕ್ಕ. ಮೂವತ್ತು ನಲವತ್ತರ ಸೈಟಿನ ಪೂರ್ತಿ ತಾರಸಿಯೆಂದರೆ ಸುಮಾರು 111 ಚದರ ಮೀಟರು. ನಮ್ಮ ಕಡೆಯ ಮಳೆಯಲ್ಲಿ ವರ್ಷಕ್ಕೆ ಅರವತ್ತು ಸಾವಿರ ಲೀಟರಿಗೆ ಮೋಸವಿಲ್ಲ.

ಹಳೆಯ ವಿದ್ಯಾರ್ಥಿಗಳು ಕೈಲಾದಷ್ಟು ಕೊಟ್ಟರು, ನಾವು ಅಧ್ಯಾಪಕರೂ ಹಾಕಿದೆವು. ತಾರಸಿಯ ನೀರು ಇಳಿಯುವ ಕೊಳವೆಗಳನ್ನೆಲ್ಲ ಒಂದಕ್ಕೆ ಸೇರಿಸಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ 50,000 ಲೀಟರಿನ ನೆಲತೊಟ್ಟಿಗೆ ಬಿಟ್ಟೆವು. ಕೊಳವೆಯ ಬುಡದಲ್ಲಿ ಒಂದು ಮುಚ್ಚಳ. ಮೊದಲ ಮಳೆಗೆ ಅದನ್ನು ತೆಗೆದಿಟ್ಟರೆ ಕೊಳೆ ನೀರು ಹೊರಗೆ. ತೊಟ್ಟಿ ತುಂಬಿ ಉಕ್ಕಿದ ನೀರು ಹೋಗಲು ಕಾಲುವೆ, ಕಾಲುವೆಯ ಉದ್ದಕ್ಕೂ ಎನ್‌ಎಸ್‌ಎಸ್ ಹುಡುಗಿಯರು ತೋಡಿದ ಇಂಗುಗುಂಡಿಗಳು, ಗುಂಡಿಗಳ ಪಕ್ಕ ಹೊಂಗೆ, ಬೇವು, ಹುಣಸೆ. ದೊಡ್ಡ ಮಳೆ ಎರಡು ಬಿದ್ದರೆ ತೊಟ್ಟಿ ತುಂಬುತ್ತದೆ. ಮಿಕ್ಕದ್ದನ್ನು ನೆಲಕ್ಕೆ ಕುಡಿಸದಿದ್ದರೆ ಅಷ್ಟೂ ದಂಡ. ಹಸ್ತ ಚಿತ್ತೆಯಲ್ಲಿ ನೆಲ ಕುಡಿದ ನೀರೇ ಬೇಸಿಗೆಯಲ್ಲಿ ಗಿಡದ ಬೇರಿಗೆ ಆಸರೆ. ಸಸಿಗಳನ್ನು ಈ ಸಲ ಮೇ ತಿಂಗಳಲ್ಲಿ ನೆಟ್ಟೆವು, ಅತಿಥಿಗಳಿಲ್ಲದೆ. ರಜದಲ್ಲಿ ನೋಡಿಕೊಂಡವಳು ಆಯಮ್ಮ.

ಮೊದಲ ವರ್ಷ ಎಡವಟ್ಟುಗಳಾದವು. ಎಲೆ ಸಿಕ್ಕಿಕೊಂಡು ತಾರಸಿಯಲ್ಲಿ ನೀರು ನಿಂತು ಲೈಬ್ರರಿ ಸೋರಿತು. ತೊಟ್ಟಿಯ ಬಾಯಿಗೆ ಬಲೆ ಕಟ್ಟದೆ ಸೊಳ್ಳೆಗಳಾದವು. ಆಯಮ್ಮ ಪ್ರತಿ ಶನಿವಾರ ಏಣಿ ಹತ್ತಿ ತಾರಸಿ ಗುಡಿಸತೊಡಗಿದಳು. ಯಾರೂ ಹೇಳಿರಲಿಲ್ಲ. ಕುಡಿಯುವುದಕ್ಕೆ ಆ ನೀರು ಬಳಸಲಿಲ್ಲ, ಶೌಚಾಲಯಕ್ಕೂ ಗಿಡಕ್ಕೂ ಮಾತ್ರ. ಎರಡನೆಯ ವರ್ಷ ಶೌಚಾಲಯದ ಬೀಗ ತೆಗೆದರು. ಆ ಬೀಗದ ಕೈಯನ್ನು ಆಯಮ್ಮ ತನ್ನ ಕರಿಮಣಿಗೆ ಕಟ್ಟಿಕೊಂಡಿದ್ದ ಪಿನ್ನಿನಿಂದ ಬಿಚ್ಚಿ ಆಫೀಸಿನ ಮೇಜಿನ ಮೇಲಿಟ್ಟದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಿಡಗಳು ಮೂರನೆಯ ಬೇಸಿಗೆ ದಾಟಿದವು. ನಾಲ್ಕನೆಯ ವರ್ಷ ಹೊಂಗೆ ಹೂ ಬಿಟ್ಟಿತು.

ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ಕಥೆ. ಆದರೆ ಚರಿತ್ರೆ ಅಲ್ಲಿಗೆ ನಿಲ್ಲುವುದಿಲ್ಲ.

2010ರ ಸುಮಾರಿಗೆ ಹುಡುಗರ ಬೈಕುಗಳಿಗೆ ಒಂದು ನೆರಳಿನ ಚಪ್ಪರ, ಪಕ್ಕದಲ್ಲಿ ಒಂದು ರಂಗವೇದಿಕೆ ಬೇಕೆಂದಾಯಿತು. ಸಮಿತಿ ಆಯಿತು. ಸಮಿತಿಯಲ್ಲಿ ನಾನೂ ಇದ್ದೆ. ನಕ್ಷೆ ಬಂತು, ಸಹಿ ಹಾಕಿದೆವು. ಅಡಿಪಾಯ ತೋಡುವ ದಿನ ಆಯಮ್ಮ ಪೊರಕೆ ಹಿಡಿದೇ ಬಂದು ನಿಂತಳು. "ಅಲ್ಲಿ ನೀರ್ ಓಗ ದಾರಿ ಕನವ್ವ. ನೀರಿನ್ ದಾರೀಲಿ ಕೂತ್ಕಂಡ್ರೆ ನೀರು ಸುಮ್ಕಿದ್ದದಾ?" ಎಂದಳು. "ಕೊಳವೆ ಹಾಕಿಸ್ತಾರೆ ಬಿಡು ಆಯಮ್ಮ" ಎಂದೆ ನಾನು. ಪರೀಕ್ಷೆಯ ಗಡಿಬಿಡಿ. ಯಾರೂ ಕೊಳವೆ ಹಾಕಿಸಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಆ ವರ್ಷ ಚಿತ್ತೆ ಮಳೆ ಜೋರಾಗಿ ಬಂತು. ಉಕ್ಕಿದ ನೀರಿಗೆ ದಾರಿ ಸಿಗದೆ ಹಿಂದಕ್ಕೆ ತಿರುಗಿ ಶೌಚಾಲಯದ ಗೋಡೆಯ ಬುಡ ಕೊರೆಯಿತು. ಗೋಡೆ ವಾಲಿತು, ಬೀಗ ಬಿತ್ತು. ಕಾಲುವೆಯ ಕೆಳಗಿದ್ದ ಹೊಂಗೆಗಳಿಗೆ ನೀರು ಇಂಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹನ್ನೊಂದು ಮರ ಒಣಗಿದವು. ಎಲ್ಲರೂ ಬೈದದ್ದು ಯಾರನ್ನು? ಮಳೆ ನೀರಿನ ಯೋಜನೆಯನ್ನು! "ಇವೆಲ್ಲ ನಮ್ಮ ಕಡೆಗೆ ಆಗಿಬರೋದಿಲ್ಲ" ಎಂದು ತೀರ್ಪಾಯಿತು. ಮರುದಿನ ನನ್ನ ತರಗತಿಯ ಪಾಠ ಕುಕ್ಕರಹಳ್ಳಿ ಕೆರೆ. ಕೆರೆ ಸಾಯುವುದು ಅಂಗಳದಲ್ಲಲ್ಲ ಎಂಬಲ್ಲಿಗೆ ಬಂದಾಗ ನನ್ನ ದನಿ ಹೊರಡಲಿಲ್ಲ. ಪೂರ್ಣಯ್ಯನವರ ನಾಲೆಯ ಮೇಲೆ ಮನೆ ಕಟ್ಟಿದವರನ್ನು ವರ್ಷವರ್ಷವೂ ಆಡಿಕೊಂಡವಳು ನಾನು. ಈ ನಕ್ಷೆಯ ಕೆಳಗೆ ನೀಲಿ ಶಾಯಿಯಲ್ಲಿ ಇದ್ದದ್ದೂ ನನ್ನದೇ ಸಹಿ.

ಸರಿಪಡಿಸಲು ಎರಡು ವರ್ಷ ಹಿಡಿಯಿತು. ವೇದಿಕೆಯ ಒಂದು ಮೂಲೆ ಒಡೆಸಿ ಕೊಳವೆ ಹಾಯಿಸಬೇಕಾಯಿತು. ಅದರ ಖರ್ಚಿನಲ್ಲಿ ನನ್ನ ಪಾಲು ನಾನು ಕೊಟ್ಟೆ. ಅದೇನು ದೊಡ್ಡದಲ್ಲ. ಆ ಎರಡು ವರ್ಷದಲ್ಲಿ ಕಾಲೇಜು ಬಿಟ್ಟ ಹುಡುಗಿಯರಲ್ಲಿ ಎಷ್ಟು ಜನ ಆ ಬೀಗದಿಂದಾಗಿ ಬಿಟ್ಟರು ಎಂಬ ಲೆಕ್ಕ ಮಾತ್ರ ನನಗೆ ಯಾವ ಕಪ್ಪು ಹಲಗೆಯ ಮೇಲೂ ಬಗೆಹರಿಯಲಿಲ್ಲ.

ನಮ್ಮದು ಸಣ್ಣ ಕಥೆ. 2006ರ ಸುಮಾರಿನಲ್ಲಿ, ಸುವರ್ಣ ಕರ್ನಾಟಕದ ಸಂಭ್ರಮದಲ್ಲಿ, ಸುವರ್ಣ ಜಲ ಯೋಜನೆಯೆಂದು ನಾಡಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಳ್ಳಿ ಶಾಲೆಗಳ ಸೂರಿನ ನೀರು ಹಿಡಿಯಲು ಸರ್ಕಾರ ಹೊರಟಿತು. 2009ರಲ್ಲಿ ಬೆಂಗಳೂರಿನಲ್ಲಿ ಮಳೆ ನೀರು ಸಂಗ್ರಹ ಕಡ್ಡಾಯವೆಂದು ಕಾನೂನಾಯಿತು. ತೊಟ್ಟಿ ಕಟ್ಟಲು ಹಣ ಹುಟ್ಟುತ್ತದೆ, ಉದ್ಘಾಟನೆಗೆ ಜನ ಸಿಗುತ್ತಾರೆ. ಎಲೆ ಗುಡಿಸುವ ಕೈ, ಮುಚ್ಚಳ ತೆಗೆಯುವ ಕೈ ಯಾರದು ಎಂಬ ಪ್ರಶ್ನೆ ಮಾತ್ರ ಯಾವ ಅಂದಾಜು ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮ ಹಿಂದಿನವರು ಅದನ್ನೇ ಮೊದಲು ಬರೆಯುತ್ತಿದ್ದರು, ಕಟ್ಟುಗೊಡಗೆ ಎಂದು.

ನಾನು ನಿವೃತ್ತಳಾದದ್ದು 2019ರಲ್ಲಿ. ಆ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ರಸ್ತೆಗಳ ಮೇಲೆ ಹರಿದಳು. ಹಿಂದಿನ ವರ್ಷವೂ ಹಾಗೇ ಆಗಿತ್ತು. ನಾಲ್ಕು ವರ್ಷ ಕಳೆಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ನಮ್ಮ ಸೀಮೆಯ ನೀರು ಹೀಗೇ, ಕೊಟ್ಟರೆ ಕೊರಳುದ್ದ, ಇಲ್ಲದಿದ್ದರೆ ಇಲ್ಲ.

ಆಯಮ್ಮ ನನಗಿಂತ ಮುಂಚೆಯೇ ನಿವೃತ್ತಳಾಗಿದ್ದಳು. ನನ್ನ ಬೀಳ್ಕೊಡುಗೆಯ ದಿನ ದಾನಿಗಳ ಹೆಸರು ಕೆತ್ತಿದ ಕಲ್ಲೊಂದನ್ನು ತೊಟ್ಟಿಯ ಪಕ್ಕ ನೆಟ್ಟರು. ಅದರಲ್ಲಿ ನನ್ನ ಹೆಸರಿತ್ತು, ಅವಳದಿರಲಿಲ್ಲ. ಸಂಕೋಚವಾಗಿ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಿನ್ನ ಹೆಸರನ್ನೂ ಕೆತ್ತಿಸುತ್ತೇನೆ ಆಯಮ್ಮ ಎಂದೆ.

"ಕಲ್ಲಲ್ಲಿ ಹೆಸ್ರು ಇಕ್ಕಂಡು ಏನ್ ಮಾಡನವ್ವ? ನನ್ ಜಾಗ ಖಾಲಿ ಬಿದ್ದದಂತಲ್ಲ, ಅಲ್ಲಿಗೊಬ್ಳನ್ನ ಹಾಕ್ಸಿ. ಮಾಳಿಗೆ ಗುಡ್ಸೋರು ಬ್ಯಾಡ್ವಾ?" ಎಂದಳು. ಈ ಬರಹದಲ್ಲೂ ತನ್ನ ಹೆಸರು ಬೇಡ ಎಂದಿದ್ದಾಳೆ. ಅದಕ್ಕೇ ಬರೆದಿಲ್ಲ.

ಅವಳ ಜಾಗ ತುಂಬಿಸಲು ಅರ್ಜಿ ಹಿಡಿದು ನಾನು ಒಂದೂವರೆ ವರ್ಷ ತಿರುಗಿದೆ. ಮೂವತ್ತು ವರ್ಷದ ಹೆಂಗಸೊಬ್ಬಳು ದಿನಗೂಲಿಯ ಮೇಲೆ ಬಂದಳು, ಇನ್ನೂ ಖಾಯಂ ಆಗಿಲ್ಲ. 2024ರ ಮೇ ತಿಂಗಳಲ್ಲಿ, ಬರದ ವರ್ಷ ಕಳೆದು ಮೊದಲ ಭರಣಿ ಬಿದ್ದ ಮಾರನೆಯ ದಿನ ಕಾಲೇಜಿಗೆ ಹೋಗಿದ್ದೆ. ರಜ. ಯಾರೂ ಇರಲಿಲ್ಲ. ಹೊಂಗೆಯ ನೆರಳಿನಲ್ಲಿ ಹೂ ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಶೌಚಾಲಯದ ಬಾಗಿಲಿಗೆ ಬೀಗವಿರಲಿಲ್ಲ. ತಾರಸಿಯ ಕೊಳವೆಯ ಬುಡದಲ್ಲಿ ಮುಚ್ಚಳ ತೆಗೆದಿಟ್ಟಿತ್ತು, ನೆಲದ ಮೇಲೆ ರಾತ್ರಿಯ ಕೆಸರು ನೀರಿನ ಗುರುತು. ಮೇಲಿನಿಂದ ಪೊರಕೆಯ ಸದ್ದು ಬರುತ್ತಿತ್ತು.

"ಯಾರದು?" ಎಂದು ಆ ಹುಡುಗಿ ತಾರಸಿಯ ಅಂಚಿನಿಂದ ಬಗ್ಗಿ ಕೇಳಿದಳು. ನಾನು ಹೇಳಿದೆ. "ಅಲ್ಲೇ ನಿಂತ್ಕಬೇಡಿ ಮೇಡಮ್ಮೋರೆ, ಕಸ ಬಿದ್ದದು" ಎಂದಳು.

ನಾನು ಪಕ್ಕಕ್ಕೆ ಸರಿದು ನಿಂತೆ.